ಈಶಾನ್ಯಕ್ಕೆ ವಾಲಿದ ಡಬ್ಬಿಮನೆ

ಹಸಿ ಹಲಗೆಯ ವಾಸನೆ ಬಂದರೆ ಇವತ್ತಿಗೂ ನನಗೆ ಹೊಟ್ಟೆ ತೊಳಸುತ್ತದೆ. ಬರಿ ಹಸಿ ಹಲಗೆಯಲ್ಲ. ಅದರ ಮೇಲೆ ಸಗಣಿ, ಸಗಣಿಯ ಮೇಲೆ ಸೀಮೆಎಣ್ಣೆ, ಸೀಮೆಎಣ್ಣೆಯ ಮೇಲೆ ಚೆಲ್ಲಿದ ಗಂಜಿ, ಇಷ್ಟರ ಅಡಿಯಲ್ಲಿ ಏನು ಮಾಡಿದರೂ ಹೋಗದ ದೊರೆಯ ನಾಯಿಯ ವಾಸನೆ. ಆ ಡಬ್ಬಿಯೊಳಗೆ ನಾನು ಒಂದು ಇಡೀ ಮಳೆಗಾಲ ಕಳೆದೆ. ಗಾಲಿಯ ಮೇಲೆ ಮನೆ ಇದ್ದರೆ ಎಲ್ಲಿ ಬೇಕಾದರಲ್ಲಿ ನಿಲ್ಲಿಸಿಕೊಂಡು ಸುಖವಾಗಿ ಇರಬಹುದು ಎಂದು ಯಾರಾದರೂ ನನ್ನೆದುರು ಹೇಳಿದರೆ, ಅವರು ಅಂಥದರಲ್ಲಿ ಒಂದು ದಿನವೂ ಒಲೆ ಹಚ್ಚಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ನಾನು ಮದುವೆಯಾಗಿ ಬಂದದ್ದು ಹೊಸಪೇಟೆಯ ವಕೀಲರೊಬ್ಬರ ಮನೆಗೆ. ಮಾವನವರು ಕೋರ್ಟಿನಲ್ಲಿ ಎಷ್ಟು ಗಟ್ಟಿಯೋ ಮನೆಯಲ್ಲಿ ಅಷ್ಟೇ ಮೆತ್ತಗೆ. ಮನೆಯಲ್ಲಿ ನಡೆಯುತ್ತಿದ್ದುದು ಅತ್ತೆಯ ಮಾತು. ಅತ್ತೆಯ ಮೇಲೆ ನಡೆಯುತ್ತಿದ್ದುದು ಮಡಿಯ ಮಾತು. ಬೆಳಿಗ್ಗೆ ಒದ್ದೆ ಸೀರೆ ಉಟ್ಟರೆಂದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಅವರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಹಂಪಿಗೆ ಹೋದರೂ ತಾಮ್ರದ ಬಿಂದಿಗೆಯಲ್ಲಿ ಮನೆಯ ಬಾವಿಯ ನೀರು ಹೊತ್ತುಕೊಂಡು ಹೋಗುವವರು. ಎದುರಿಗೇ ಹೊಳೆ ಹರಿಯುತ್ತಿದ್ದರೂ ಸರಿಯೆ.

ಅವರಿಗೆ ಒಬ್ಬಳೇ ಮಗಳು, ನನ್ನ ನಾದಿನಿ. ಅವಳನ್ನು ಸಂಡೂರಿಗೆ ಕೊಟ್ಟಿತ್ತು. ಗಂಡ ಅಲ್ಲಿಯ ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇತ್ತು: ಮಗಳಿಗೆ ಮಗುವಾಗುವವರೆಗೆ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದು. ಕನ್ಯಾದಾನ ಮಾಡಿದ ಮೇಲೆ ಆ ಮನೆಯ ಅನ್ನ ತಿಂದರೆ ಕೊಟ್ಟ ದಾನಕ್ಕೇ ಕೈ ಹಾಕಿದ ಹಾಗೆ. ಮಗು ಹುಟ್ಟಿತೆಂದರೆ ಅದು ಮೊಮ್ಮಗುವಿನ ಮನೆ, ಆಗ ಧಾರಾಳವಾಗಿ ಉಣ್ಣಬಹುದು. ಬೇರೆಯವರು ಇಂಥದಕ್ಕೆಲ್ಲ ಒಂದು ಉಪಾಯ ಕಂಡುಕೊಂಡಿದ್ದರು. ಹಣ್ಣು ಹಾಲು ಅನ್ನವಲ್ಲ ಎನ್ನುವವರು ಕೆಲವರು, ಅವಲಕ್ಕಿಗೆ ದೋಷವಿಲ್ಲ ಎನ್ನುವವರು ಕೆಲವರು. ಅತ್ತೆಗೆ ಉಪಾಯಗಳು ಹಿಡಿಸುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಮಗಳ ಮನೆಯ ನೀರೂ ಅನ್ನವೇ.

ನಾದಿನಿ ಮೊದಲ ಸಲ ಬಸಿರಾದಾಗ ಬಾಣಂತನಕ್ಕೆ ತವರಿಗೆ ಕರೆತರುವ ದಾರಿಯಲ್ಲಿ, ಎತ್ತಿನ ಬಂಡಿಯಲ್ಲೇ ಅದು ಹೋಯಿತು. ಎರಡನೆಯ ಸಲ ಅವಳನ್ನು ಅಲುಗಾಡಿಸುವುದು ಬೇಡವೆಂದು ಅಲ್ಲೇ ಬಿಟ್ಟು ಅತ್ತೆಯೇ ಹೋದರು. ಒಯ್ದ ಅವಲಕ್ಕಿ, ಒಯ್ದ ನೀರು ಇರುವವರೆಗೆ ಇದ್ದು ಹಿಂದಿರುಗಿದರು. ಅವರು ಮನೆ ಸೇರಿದ ಸ್ವಲ್ಪ ದಿನಕ್ಕೇ ಅದೂ ಹೋದ ಸುದ್ದಿ ಬಂತು. ಮೂರನೆಯ ಸಲ ನಿಂತಾಗ ಡಾಕ್ಟರು ಪ್ರಯಾಣ ಬೇಡ, ಹಾಸಿಗೆ ಬಿಟ್ಟು ಹೆಚ್ಚು ಏಳುವುದೂ ಬೇಡ ಎಂದರು. ನೋಡಲು ಹೋದ ನನ್ನ ಗಂಡನ ಕೈ ಹಿಡಿದು ನಾದಿನಿ ಒಂದೇ ಮಾತು ಹೇಳಿ ಕಳಿಸಿದ್ದಳು. "ಅವ್ವ ಬಂದು ಇದ್ರ ಇದು ಉಳೀತದ. ಅವ್ವನ್ನ ಕಳಸು."

ಅತ್ತೆ ಅದನ್ನು ಕೇಳಿ ಒಂದು ಹೊತ್ತು ದೇವರ ಮನೆಯಿಂದ ಹೊರಗೆ ಬರಲಿಲ್ಲ. ಬಂದವರು, "ಇದ್ರ ಪೂರಾ ಇರಬೇಕು. ಅರ್ಧಕ್ಕ ಬಿಟ್ಟು ಬರೋದಾದ್ರ ನಾ ಹೋಗಂಗಿಲ್ಲ. ನನಗ ಅಲ್ಲಿ ಒಂದು ಬ್ಯಾರೆ ಅಡಗಿಮನಿ ಮಾಡಿ ಕೊಡ್ರಿ" ಎಂದರು. ಗುಮಾಸ್ತನ ಬಾಡಿಗೆ ಮನೆಯಲ್ಲಿ ಬೇರೆ ಅಡುಗೆಮನೆ ಎಲ್ಲಿಂದ ಬರಬೇಕು? ಅಲ್ಲದೆ ಅದೇ ಸೂರಿನಡಿ ಬೇರೆ ಒಲೆ ಹೂಡಿದರೂ ಅದು ಮಗಳ ಮನೆಯೇ ಎಂದು ಅವರ ವಾದ. ವಕೀಲರ ಹೆಂಡತಿ, ವಾದದಲ್ಲಿ ಸೋಲುವವರಲ್ಲ.

ಆಗ ಮಾವನವರಿಗೆ ದೊರೆಯ ಡಬ್ಬಿ ನೆನಪಾಯಿತು. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಹುಡುಕುತ್ತಿದ್ದ ಬಿಳಿಯ ದೊರೆಯೊಬ್ಬ ಮೋಟಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಒಂದು ಮನೆಯಲ್ಲಿ ವಾಸವಾಗಿದ್ದ. ಅವನು ಟ್ರೈಲರ್ ಎನ್ನುತ್ತಿದ್ದ, ಊರವರು ಡಬ್ಬಿಮನೆ ಎನ್ನುತ್ತಿದ್ದರು. ಎರಡು ಗಾಲಿ, ಮರದ ಗೋಡೆ, ಗಾಜಿನ ಕಿಟಕಿ, ಒಳಗೆ ಎದುರುಬದುರು ಎರಡು ಬೆಂಚು, ಪಂಪು ಹೊಡೆಯುವ ಸ್ಟೌ, ಕೈ ತೊಳೆಯುವ ಒಂದು ತೊಟ್ಟಿ. ಅವನು ತನ್ನ ದೇಶಕ್ಕೆ ಹೊರಟಿದ್ದ. ಮಾವನವರು ಅದನ್ನು ಕೊಂಡುಕೊಂಡರು. ಅದನ್ನು ಮಗಳ ಮನೆಯ ಅಂಗಳದಲ್ಲಿ ನಿಲ್ಲಿಸುವುದು, ಅತ್ತೆ ಅದರಲ್ಲಿ ಅಡುಗೆ ಮಾಡಿಕೊಂಡು ಇರುವುದು. ಗಾಲಿಯ ಮೇಲಿದೆ, ಅಲ್ಲಿಯ ನೆಲಕ್ಕೆ ತಾಗುವುದಿಲ್ಲ, ಆದ್ದರಿಂದ ಅದು ಹೊಸಪೇಟೆಯ ಮನೆಯ ತುಂಡೇ ಎಂದು ಮಾವನವರು ತೀರ್ಪು ಕೊಟ್ಟರು. ಅತ್ತೆ ಒಪ್ಪಿದರು. ಜೊತೆಗೆ ನಾನು ಹೋಗಬೇಕೆಂದೂ ಆಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಹೊರಡುವ ಮುಂಚೆ ದೊರೆ ಅದನ್ನು ನಮ್ಮ ಅಂಗಳಕ್ಕೇ ತಂದು, ಹೇಗೆ ನಡೆಸಬೇಕು ಹೇಗೆ ಕಾಪಾಡಬೇಕು ಎಂದು ತೋರಿಸಿದ. ಅವನ ಅಡುಗೆಯವ ಕನ್ನಡದಲ್ಲಿ ಹೇಳಿದ. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ. ಮೋಟಾರಿನ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಡಬ್ಬಿಯ ಮೂಕಿಯನ್ನು, ಎಂದರೆ ಮುಂದೆ ಚಾಚಿದ ಎಳೆಯುವ ದಂಡವನ್ನು, ಕೂರಿಸಿದ ಮೇಲೆ, ಕೊಂಡಿ ಬಿದ್ದಿದೆಯೋ ಇಲ್ಲವೋ ಎತ್ತಿ ನೋಡಬೇಕು, ನಂಬಿ ಬಿಡಬಾರದು. ಮೇಲೊಂದು ಸರಪಳಿ ಹಾಕಬೇಕು. ಭಾರವನ್ನೆಲ್ಲ ಗಾಲಿಯ ಮೇಲೆ ಬರುವ ಹಾಗೆ ನಡುವೆ ಇಡಬೇಕು, ಹಿಂದಿಟ್ಟರೆ ಡಬ್ಬಿ ಬಾಲ ಆಡಿಸುತ್ತದೆ. ನಿಲ್ಲಿಸಿದಲ್ಲಿ ಗಾಲಿಗೆ ಕಲ್ಲು ಕೊಟ್ಟು, ಮಟ್ಟ ನೋಡಿ, ಆಮೇಲೆ ನಾಲ್ಕು ಮೂಲೆಯ ಕಾಲು ಇಳಿಸಬೇಕು. ಮಳೆಗಾಲಕ್ಕೆ ಮುಂಚೆ ಚಾವಣಿಯ ಕ್ಯಾನ್ವಾಸಿಗೆ ಬಣ್ಣ ಬಳಿಯಬೇಕು. ಕೊನೆಯಲ್ಲಿ ದೊರೆ ಬಗ್ಗಿ ನೆಲವನ್ನು ಬೆರಳಿನಿಂದ ತಟ್ಟಿದ. ಅಡುಗೆಯವ ಹೇಳಿದ, "ಇದು ಪದರಾ ಪದರಾ ಅಂಟಿಸಿದ ಹಲಗಿ ಬುದ್ದೀ. ನೀರು ಇದಕ್ಕ ವಿಷ. ಒಣಾ ಅರಿವಿಲೆ ಒರಸಬೇಕಂತ ಅಷ್ಟ."

ಮಾವನವರು ತಲೆಯಾಡಿಸಿದರು. ಒಳಗಿದ್ದ ಅತ್ತೆ ನನ್ನ ಕಡೆ ತಿರುಗಿ, "ನಾಯಿ ಮಲಗಿದ ನೆಲಾ ಒಣಾ ಅರಿವಿಲೆ ಒರಸಿ ನಾ ಅನ್ನಾ ಮಾಡ್ಲೇನು?" ಎಂದರು. ಆ ಒಂದು ಮಾತಿನಲ್ಲೇ ಮುಂದಿನದೆಲ್ಲ ತೀರ್ಮಾನವಾಗಿ ಹೋಗಿತ್ತು.

ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು, ಆ ಡಬ್ಬಿ ಹೊಲಸಾಗಿಯೇ ಇತ್ತು. ಹೊರಗಿನಿಂದ ಕೆನೆಬಣ್ಣ, ಹಿತ್ತಾಳೆಯ ಹಿಡಿಕೆ, ನೋಡಿದರೆ ಬೆಳ್ಳಿ ಕರಡಿಗೆ. ಬಾಗಿಲು ತೆಗೆದರೆ ಮೂಗು ಹಿಡಿಯಬೇಕು. ಬೆಂಚಿನ ಸಂದಿಗಳಿಂದ ನಾನು ಕೆಂಚು ಕೂದಲಿನ ಉಂಡೆಗಳನ್ನು ಕಡ್ಡಿಯಿಂದ ಎಳೆದು ತೆಗೆದೆ. ಸ್ಟೌವಿನ ಮೇಲಿನ ಚಾವಣಿಗೆ ಏನೇನೋ ಕೊಬ್ಬು ಕರಿದ ಹೊಗೆ ಹಳದಿಯಾಗಿ ಮೆತ್ತಿತ್ತು, ಉಗುರಿನಿಂದ ಕೆರೆದರೆ ಅಂಟು ಅಂಟಾಗಿ ಬರುತ್ತಿತ್ತು. ಒಂದು ಮೂಲೆಯ ಕಪಾಟಿನಲ್ಲಿ ಮುಚ್ಚಳದ ಬಕೆಟ್ಟು ಇತ್ತು. ಅದು ಯಾತಕ್ಕೆಂದು ಅಡುಗೆಯವ ತಗ್ಗಿದ ದನಿಯಲ್ಲಿ ಹೇಳಿದ್ದೇ ತಡ, ಅತ್ತೆ ಬಕೆಟ್ಟಿನ ಜೊತೆಗೆ ಕಪಾಟನ್ನೂ ಕಿತ್ತು ಹಾಕಿಸಿದರು. ಉಣ್ಣುವ ಜಾಗದಿಂದ ಒಂದು ಮಾರು ದೂರದಲ್ಲಿ ಅದನ್ನೂ ಇಟ್ಟುಕೊಂಡವರು ನಮ್ಮನ್ನು ಆಳುತ್ತಿದ್ದರು. ಥೂ.

ನೆಲಕ್ಕೆ ಲಿನೋಲಿಯಮ್ ಎಂಬ ಮೇಣದಂಥ ಹಾಸು ಅಂಟಿಸಿದ್ದರು. ಬೂಟಿನ ಕಾಲು, ನಾಯಿಯ ಜೊಲ್ಲು ಎಲ್ಲ ಬಿದ್ದದ್ದು ಅದರ ಮೇಲೆ. ಮುಟ್ಟಿದರೆ ಚರ್ಮದ ಹಾಗೆ ಬೇರೆ ಇತ್ತು. ಅತ್ತೆ ಅದನ್ನು ಕೀಳಿಸಿ ಬಯಲಲ್ಲಿ ಸುಡಿಸಿದರು. ಹಲಗೆಯನ್ನು ನೀರಿನಿಂದ ಕಾಪಾಡುತ್ತಿದ್ದುದು ಅದೊಂದೇ ಎಂದು ಯಾರಿಗೂ ಹೊಳೆಯಲಿಲ್ಲ. ಬರಿಯ ಹಲಗೆ ಕಂಡ ಕೂಡಲೇ ಅತ್ತೆ ಸೀರೆ ಎತ್ತಿ ಕಟ್ಟಿ, ಆಚಾರ್ಯರಿಂದ ಪಂಚಗವ್ಯ ಹಾಕಿಸಿ, ಐದಾರು ಕೊಡ ನೀರು ಸುರಿದು, ಸಗಣಿಯಿಂದ ಸಾರಿಸಿ, ರಂಗೋಲಿ ಇಟ್ಟರು. "ಈಗ ಮನಿ ಆತು ನೋಡು" ಎಂದರು. ಬಿಸಿಲಿಗೆ ಮುಚ್ಚಿದ ಡಬ್ಬಿಯೊಳಗೆ ಸಗಣಿ ಬೆಂದು ಬಂದ ಆವಿ ಇದೆಯಲ್ಲ, ಅದನ್ನು ಬರೆಯಲು ನನ್ನಲ್ಲಿ ಮಾತಿಲ್ಲ.

ಹೊರಟ ದಿನ ಅತ್ತೆ ಮೋಟಾರಿನಲ್ಲಿ ಕೂರಲಿಲ್ಲ. ಡ್ರೈವರ ಮುಟ್ಟಿದ ಸೀಟು ಮಡಿಗೆ ಆಗಿಬರುವುದಿಲ್ಲವೆಂದು ಡಬ್ಬಿಯೊಳಗೇ ಕುಳಿತರು, ನನ್ನನ್ನೂ ಕೂರಿಸಿಕೊಂಡರು. ಒರಳುಕಲ್ಲು, ಅಕ್ಕಿಯ ಚೀಲ, ನೀರಿನ ಹಂಡೆ ಎಲ್ಲವನ್ನೂ ಹಿಂದಿನ ಮೂಲೆಗೆ ಇಡಿಸಿದ್ದರು, ಅಡುಗೆ ಆಗ್ನೇಯದಲ್ಲಿ ಇರಬೇಕು ಎಂದು. ದೊರೆ ಹೇಳಿದ್ದು ನಿಜವೇ ಆಯಿತು. ಪಾಪಿನಾಯಕನಹಳ್ಳಿ ದಾಟಿ ಮೋಟಾರು ಸ್ವಲ್ಪ ವೇಗ ಹಿಡಿದದ್ದೇ ಡಬ್ಬಿ ಬಾಲ ಆಡಿಸತೊಡಗಿತು. ನಾವಿಬ್ಬರೂ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ನಾನು ದೊರೆ ಕೈ ತೊಳೆಯುತ್ತಿದ್ದ ತೊಟ್ಟಿಯಲ್ಲಿ ವಾಂತಿ ಮಾಡಿಕೊಂಡೆ. ಅದು ಕೊಳವೆಯಲ್ಲಿ ಇಳಿದು ರಸ್ತೆಯುದ್ದಕ್ಕೂ ಗೆರೆ ಎಳೆಯುತ್ತ ಬಂತೆಂದು ಆಮೇಲೆ ಡ್ರೈವರ ಹೇಳಿದ.

ಗಾದಿಗನೂರಿನ ಹತ್ತಿರ ಮಾವನವರು ಮೋಟಾರು ನಿಲ್ಲಿಸಿ ಬಂದು, "ಆ ಒರಳು ನಡುವ ಸರಸ್ರಿ" ಎಂದರು.

"ಆಗ್ನೇಯ ಬಿಟ್ಟು ಅಡಗಿ ಸಾಮಾನು ಸರಸಬಾರದು" ಎಂದರು ಅತ್ತೆ.

"ರಸ್ತಾ ತಿರುಗಿದಂಗ ನಿನ್ನ ಆಗ್ನೇಯನೂ ತಿರಗತದ. ಈಗ ಅದು ಪಡುವಣಕ್ಕ ಅದ, ಇನ್ನೊಂದು ಹರದಾರಿ ಹೋದ್ರ ಬಡಗಣಕ್ಕ ಬರ್ತದ."

ಅವರು ಮದುವೆಯಾದಂದಿನಿಂದ ಗೆದ್ದ ವಾದ ಅದೊಂದೇ ಇರಬೇಕು. ಒರಳು ನಡುವೆ ಬಂತು, ಡಬ್ಬಿ ನೆಟ್ಟಗೆ ನಡೆಯಿತು. ಆಮೇಲೆ ಸಂಡೂರು ಸೇರುವವರೆಗೆ ಕೆಂಪು ಧೂಳು ಮಾತ್ರ. ಬಾಯಿ ಮುಚ್ಚಿಕೊಂಡಿದ್ದರೂ ಹಲ್ಲಿನಲ್ಲಿ ಕರಕರ.

ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಒಳಗೆ ಹೋಗಿ, ಕೆನ್ನೆಯ ಮೂಳೆ ಎದ್ದು, ಹೊಟ್ಟೆಯೊಂದೇ ಅವಳದಲ್ಲವೇನೋ ಎನ್ನುವ ಹಾಗೆ ಮುಂದೆ ಇತ್ತು. ಡಬ್ಬಿಯಿಂದ ಅತ್ತೆ ಇಳಿದದ್ದನ್ನು ನೋಡಿ ಅವಳು ನಗುತ್ತ ಅಳತೊಡಗಿದಳು. ಅವಳ ಹಿಂದೆ ಅವಳ ಗಂಡನ ಸೋದರತ್ತೆ ನಿಂತಿದ್ದರು. ಆ ಮನೆಗೆ ಹಿರಿಯರೆಂದರೆ ಆ ಮುದುಕಿಯೊಬ್ಬರೇ. ಅವರು ಡಬ್ಬಿಯನ್ನು ಮೇಲಿನಿಂದ ಕೆಳಗೆ ನೋಡಿ, "ಛಲೋ ಆತು ಬಿಡ್ರಿ. ಬೀಗಿತ್ತಿ ಕಟ್ಟಳಿ ಭಾಳ ಗಟ್ಟಿ" ಎಂದರು. ಹೊಗಳಿದರೋ ಹಂಗಿಸಿದರೋ ಅವರ ಮುಖದಲ್ಲಿ ತಿಳಿಯುತ್ತಿರಲಿಲ್ಲ.

ಡ್ರೈವರ ಗಾಲಿಗೆ ಕಲ್ಲು ಕೊಟ್ಟು, ಒಂದು ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿ, ಕಾಲುಗಳನ್ನು ಇಳಿಸಿದ. ಅತ್ತೆ ಒಳಗೆ ಹೋಗಿ ನೆಲ ತೊಳೆದರು. ನೀರು ಎಲ್ಲೂ ಹರಿಯದೆ ಅಲ್ಲೇ ನಿಂತಿತು. "ಇದೇನು ಮನಿ? ಮನ್ಯಾಗ ನೀರು ಈಶಾನ್ಯಕ್ಕ ಹರೀಬೇಕು" ಎಂದರು. ಮಟ್ಟ ಕೆಡಿಸಬಾರದು ಎಂದು ಡ್ರೈವರ ಹೇಳಿ ನೋಡಿದ. ಕೋಣನ ಮುಂದೆ ಕಿನ್ನರಿ. ಕೊನೆಗೆ ಅವನು ಆ ಕಡೆಯ ಕಾಲನ್ನು ತಗ್ಗಿಸಿ ಡಬ್ಬಿಯನ್ನು ಈಶಾನ್ಯಕ್ಕೆ ವಾಲಿಸಿ ಹೋದ. ಅವತ್ತಿನಿಂದ ದಿನಾ ಬೆಳಿಗ್ಗೆ ಸುರಿದ ನೀರೆಲ್ಲ ಒಂದೇ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಬಾಗಿಲೂ ಇರಲಿಲ್ಲ, ತೂತೂ ಇರಲಿಲ್ಲ. ಈಶಾನ್ಯವೆಂದು ಅತ್ತೆ ದೇವರ ಪೆಟ್ಟಿಗೆಯನ್ನೂ ತುಳಸಿಯ ಕುಂಡವನ್ನೂ ಅಲ್ಲೇ ಇಟ್ಟಿದ್ದರು. ಒಲೆ ಆಗ್ನೇಯದಲ್ಲಿ, ಆದರೆ ಆ ಇಕ್ಕಟ್ಟಿನಲ್ಲಿ ಅದೂ ಪಕ್ಕದಲ್ಲೇ.

ಆ ಮೊದಲ ದಿನಗಳು ಚೆನ್ನಾಗಿದ್ದವು ಎಂದೂ ಹೇಳಬೇಕು. ಕುಡಿಯುವ ನೀರು, ಅಕ್ಕಿ ಬೇಳೆ ಮಾವನವರು ಭಾನುವಾರ ಭಾನುವಾರ ಹೊಸಪೇಟೆಯಿಂದ ತರುತ್ತಿದ್ದರು, ನೆಲಕ್ಕೆ ನಾನು ಊರ ಬಾವಿಯಿಂದ ಸೇದಿ ತರುತ್ತಿದ್ದೆ. ಅತ್ತೆ ಬೇಯಿಸಿದ್ದನ್ನು ನಾನು ಒಳಗೆ ಒಯ್ದು ನಾದಿನಿಗೆ ಕೊಡುತ್ತಿದ್ದೆ. ತಾಯಿಯ ಅಡುಗೆಯನ್ನು ಮಗಳು ತಿನ್ನಲು ಯಾವ ಅಡ್ಡಿಯೂ ಇಲ್ಲ, ಕಟ್ಟಳೆ ಇದ್ದುದು ಒಂದೇ ದಿಕ್ಕಿಗೆ. ಮೆಂತ್ಯದ ಗಂಜಿ, ತುಪ್ಪ ಹಾಕಿದ ಮೆತ್ತನೆಯ ಅನ್ನ, ಬೆಲ್ಲ ಎಳ್ಳಿನ ಉಂಡೆ. ನಾದಿನಿಯ ಕೆನ್ನೆ ತುಂಬಿತು. ಸಂಜೆಯ ಹೊತ್ತು ಅವಳು ಮೆಲ್ಲಗೆ ಬಂದು ಡಬ್ಬಿಯ ಮೂಕಿಯ ಮೇಲೆ ಕೂರುತ್ತಿದ್ದಳು. ಅತ್ತೆ ಒಳಗೆ ಬತ್ತಿ ಹೊಸೆಯುತ್ತ, ಇಬ್ಬರೂ ಗೋಡೆಯ ಆಚೆ ಈಚೆ ಕುಳಿತು ಮಾತಾಡುತ್ತಿದ್ದರು. ಒಂದು ದಿನ ಬಿಸಿಲು ಹೆಚ್ಚಾಗಿ ಅತ್ತೆಗೆ ಬಿಕ್ಕಳಿಕೆ ಹತ್ತಿತು. ನಾದಿನಿ ಎದ್ದು ಒಳಗಿನಿಂದ ಒಂದು ಲೋಟ ನೀರು ತಂದು ಬಾಗಿಲಲ್ಲಿ ಹಿಡಿದಳು. ಅತ್ತೆ ಬಿಕ್ಕಳಿಸುತ್ತಲೇ ತಲೆ ಅಲ್ಲಾಡಿಸಿದರು. ಅವಳು ಆ ನೀರನ್ನು ಬೇವಿನ ಮರದ ಬುಡಕ್ಕೆ ಚೆಲ್ಲಿ ಬಂದು ಮತ್ತೆ ಅಲ್ಲೇ ಕುಳಿತಳು. ನನಗೆ ಆಗ ಡಬ್ಬಿಯ ಮೇಲಿದ್ದ ಅಸಹ್ಯ ಮೊದಲ ಸಲ ಡಬ್ಬಿಯಿಂದ ಆಚೆಗೂ ಹರಿಯಿತು.

ಆಮೇಲೆ ಮಳೆ ಹಿಡಿಯಿತು. ಸಂಡೂರಿನ ಮಳೆ ಬಯಲುಸೀಮೆಯ ಹಾಗೆ ಬಂದು ಹೊಡೆದು ಹೋಗುವುದಲ್ಲ. ಗುಡ್ಡದ ನಡುವೆ ಮೋಡ ಕೂತು ಜಿಟಿಜಿಟಿ ಎನ್ನುತ್ತಲೇ ಇರುತ್ತದೆ. ಚಾವಣಿಗೆ ಬಣ್ಣ ಬಳಿಯುವುದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಮೇಲಿನಿಂದ ಹನಿ, ಕೆಳಗಿನಿಂದ ಅತ್ತೆಯ ಕೊಡ. ಕಿಟಕಿ ತೆಗೆದರೆ ದಾರಿಯವರ ನೆರಳು ಅಡುಗೆಯ ಮೇಲೆ ಬೀಳುತ್ತದೆಂದು ಕಿಟಕಿಯೂ ಮುಚ್ಚಿದ್ದೇ. ಹಲಗೆ ಮೊದಲು ಉಬ್ಬಿತು, ಆಮೇಲೆ ಕಪ್ಪಾಯಿತು, ಆಮೇಲೆ ಕಾಲಿಟ್ಟರೆ ನೆನೆದ ರೊಟ್ಟಿಯಂತೆ ತಗ್ಗತೊಡಗಿತು. ಬೆಂಚಿನ ಕೆಳಗೆ ನಾಯಿಕೊಡೆ ಎದ್ದವು. ಅಕ್ಕಿಯ ಚೀಲದ ತಳ ಬೂಸು ಹಿಡಿದು ನೀಲಿಯಾಯಿತು. ದೇವರ ಪೆಟ್ಟಿಗೆ ಎತ್ತಿದರೆ ಅಡಿಯಲ್ಲಿ ಬೆಳ್ಳಗಿನ ಹುಳು ಮೈ ಮುರಿಯುತ್ತಿದ್ದವು. ನಾನು ಅವುಗಳನ್ನು ಪೊರಕೆ ಕಡ್ಡಿಯಿಂದ ಹೊರಗೆ ಹಾಕಿ, ಅದೇ ಜಾಗವನ್ನು ಸಗಣಿಯಿಂದ ಸಾರಿಸಿ, ಅದೇ ಕೈಯನ್ನು ಮೂರು ಸಲ ತೊಳೆದು, ಊಟಕ್ಕೆ ಕೂರಬೇಕಾಗಿತ್ತು.

"ಅತ್ತೀ, ನೀರು ಹಾಕೋದು ನಿಲ್ಲಸೋಣ್ರಿ. ನೆಲಾ ಕೊಳೀಲಿಕ್ಕೆ ಹತ್ಯದ" ಎಂದೆ.

"ಹೊಲಸು ಕಾಣ್ತದ ಅಂತನ ಜಾಸ್ತಿ ತೊಳೀಬೇಕು" ಎಂದರು.

ಭಾನುವಾರ ಬಂದ ಮಾವನವರು ಛತ್ರಿಯ ತುದಿಯಿಂದ ಮೂಲೆಯನ್ನು ಒತ್ತಿದರು. ತುದಿ ಒಳಗೆ ಹೋಯಿತು. ಅವರ ಮುಖ ಸಣ್ಣದಾಯಿತು. ಮೇಲೊಂದು ಗಟ್ಟಿ ಹಲಗೆ ಹೊಡೆಸುತ್ತೇನೆ ಎಂದರು. ಹೊಡೆಯಲು ಬಡಗಿ ಒಳಗೆ ಬರಬೇಕು, ಬಂದರೆ ಮತ್ತೆ ಪಂಚಗವ್ಯ, ಮತ್ತೆ ಕೊಡ ಕೊಡ ನೀರು. ಹೋಗಲಿ, ಇನ್ನು ಮೇಲೆ ಬರಿ ಒರೆಸು ಎಂದರೆ ಅತ್ತೆ, "ಸಾರಸದ ನೆಲದ ಮ್ಯಾಲ ನಾ ಒಲಿ ಹಚ್ಚಂಗಿಲ್ಲ. ಬ್ಯಾಡಾದ್ರ ನನ್ನ ಊರಿಗೆ ಕರಕೊಂಡು ನಡೀರಿ" ಎಂದುಬಿಟ್ಟರು. ಮೂಕಿಯ ಮೇಲೆ ಕುಳಿತಿದ್ದ ನಾದಿನಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಮಾವನವರು ಅದನ್ನು ನೋಡಿ ಛತ್ರಿ ಬಿಚ್ಚಿಕೊಂಡು ಅಂಗಳ ದಾಟಿದರು. ಆ ಕೊಳೆತ ಹಲಗೆ ಎಷ್ಟು ದಿನ ನಿಲ್ಲುತ್ತದೋ ಅಷ್ಟು ದಿನ ತಾಯಿ ಇರುತ್ತಾಳೆ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅದು ನಾದಿನಿಗೆ ಎಂಟನೆಯ ತಿಂಗಳು ಹಿಡಿಯುವವರೆಗೆ ನಿಂತಿತು. ಒಂದು ಬೆಳಿಗ್ಗೆ ಅತ್ತೆ ಅನ್ನದ ತಪ್ಪಲೆಯನ್ನು ಗಂಜಿ ಬಸಿಯಲು ಎತ್ತಿದರು. ನಾನು ಬಾಗಿಲಲ್ಲಿದ್ದೆ. ಸದ್ದೇನೂ ಆಗಲಿಲ್ಲ. ಹಣ್ಣಾದ ಹಲಸಿನೊಳಗೆ ಕೈ ಹೋದ ಹಾಗೆ ಅವರ ಕಾಲು ಮಂಡಿಯವರೆಗೆ ನೆಲದೊಳಗೆ ಹೋಯಿತು. ತಪ್ಪಲೆ ಬಿತ್ತು, ಸ್ಟೌ ವಾಲಿತು, ದೇವರ ಪೆಟ್ಟಿಗೆ ಜಾರಿ ಅದೇ ತೂತಿನಲ್ಲಿ ಇಳಿದು ಕೆಳಗಿನ ಕೆಸರಿಗೆ ಬಿತ್ತು. ತುಳಸಿಯ ಕುಂಡ ಅದರ ಮೇಲೆ. ನಾನು ಸ್ಟೌ ಆರಿಸಿ ಅವರ ಕಂಕುಳಿಗೆ ಕೈ ಕೊಟ್ಟು ಎಳೆದೆ. ಹಲಗೆಯ ಪದರಗಳು ಒದ್ದೆ ಕಾಗದದಂತೆ ಅವರ ಕಾಲಿಗೆ ಅಂಟಿಕೊಂಡು ಬಂದವು. ಪದರಪದರದ ನಡುವೆ ಹುಳ, ಗೆದ್ದಲು, ಕಪ್ಪನೆ ಲೋಳೆ, ನಾವು ಇಷ್ಟು ದಿನ ಬಳಿದ ಸಗಣಿ. ಬಿಸಿ ಗಂಜಿ ಅದರ ಮೇಲೆ ಬಿದ್ದು ಎದ್ದ ನಾತಕ್ಕೆ ನಾನು ಅವರನ್ನು ಹಿಡಿದುಕೊಂಡೇ ಓಕರಿಸಿದೆ. ಪುಣ್ಯಕ್ಕೆ ಕಾಲು ಮುರಿದಿರಲಿಲ್ಲ, ಆದರೆ ತರಚಿ ಮಂಡಿ ಉಳುಕಿತ್ತು.

ಊರಿಗೆ ಸುದ್ದಿ ಹೋಯಿತು. ಮೋಟಾರು ಕಳಿಸುತ್ತೇನೆ, ಇಬ್ಬರೂ ಬಂದುಬಿಡಿ ಎಂದು ಮಾವನವರು ಹೇಳಿ ಕಳಿಸಿದರು. ಅತ್ತೆ ಕಾಲಿಗೆ ಅ‍ರಿಸಿನದ ಬಟ್ಟೆ ಕಟ್ಟಿಕೊಂಡು ಬೇವಿನ ಮರದ ಕೆಳಗೆ ಹಾಸಿದ ಚಾಪೆಯ ಮೇಲೆ ಕುಳಿತರು. ಮರದಡಿ ಮೂರು ಕಲ್ಲು ಹೂಡಿದೆ, ಮಳೆಗೆ ಬೆಂಕಿ ನಿಲ್ಲಲಿಲ್ಲ. ಅವತ್ತು ಅವರು ಏನೂ ತಿನ್ನಲಿಲ್ಲ. ಮರುದಿನವೂ ತಿನ್ನಲಿಲ್ಲ. ತಂದ ನೀರು ಕೆಸರಿನಲ್ಲಿ ಚೆಲ್ಲಿಹೋಗಿತ್ತು, ಅದನ್ನೂ ಕುಡಿಯಲಿಲ್ಲ. ಮುದುಕಿ ಹೊಸ್ತಿಲಲ್ಲಿ ನಿಂತು, "ಹೋಗಿ ಬರ್ರಿ ಬೀಗಿತ್ತೀ. ದೇವರಿದ್ದಾನ, ನಾವು ನೋಡಿಕೋತೀವಿ" ಎಂದರು. ನಾದಿನಿ ತಾನೂ ಉಣ್ಣಲಿಲ್ಲ. ಏಳಬೇಡ ಎಂದು ಡಾಕ್ಟರಿಂದ ಹೇಳಿಸಿಕೊಂಡವಳು ಮಳೆಯಲ್ಲೇ ಬಂದು, ತಟ್ಟೆಯಲ್ಲಿ ಅನ್ನ ಸಾರು ಹಿಡಿದು ತಾಯಿಯ ಎದುರು ಕೆಸರಿನಲ್ಲಿ ಕುಳಿತಳು. ಅನ್ನದ ಮೇಲೆ ಮಳೆಯ ಹನಿ ಬೀಳುತ್ತಿತ್ತು. ಅತ್ತೆ ಬೇರೆ ಕಡೆ ನೋಡುತ್ತಿದ್ದರು.

ನನಗೆ ಏನಾಯಿತೋ. ಮದುವೆಯಾಗಿ ಬಂದಂದಿನಿಂದ ಅವರಿಗೆ ಒಂದು ಎದುರುಮಾತು ಆಡಿದವಳಲ್ಲ. ಆ ತೂತಿನ ನಾತ ಇನ್ನೂ ಮೂಗಿನಲ್ಲಿತ್ತು. "ಅತ್ತೀ, ಹುಳಾ ಬಿದ್ದ ಹಲಗಿ ಮ್ಯಾಲ ಬೇಸಿದ ಅನ್ನ ಮಡಿ. ನಾಯಿ ಹೇತ ಡಬ್ಬಿ ಮಡಿ. ನೀವು ಹೆತ್ತಾಕಿ ಕೈ ಮೈಲಿಗಿ. ನನಗ ಆ ಡಬ್ಬಿ ನೋಡಿದ್ರ ವಾಕರಿಕಿ ಬರ್ತಿತ್ತು, ಈಗ ನಿಮ್ಮನ್ನ ನೋಡಿದ್ರ ಬರ್ತದ" ಎಂದೆ.

ಹೊಡೆಯುತ್ತಾರೆ ಅಂದುಕೊಂಡೆ. ಅವರು ನನ್ನನ್ನು ನೋಡಲೇ ಇಲ್ಲ. ಮಗಳ ಸೀರೆಯ ಅಂಚು ಕೆಸರಿನಲ್ಲಿ ನೆನೆದಿದ್ದುದನ್ನು ನೋಡುತ್ತಿದ್ದರು. "ತಣ್ಣಗ ಆಗೇದ. ಒಳಗ ನಡಿ, ಬಿಸೇದು ಹಾಕು" ಎಂದು ನನ್ನ ಹೆಗಲು ಹಿಡಿದು ಎದ್ದರು. ಕುಂಟುತ್ತ ಮುದುಕಿಯ ಪಕ್ಕದಿಂದಲೇ ಹೊಸ್ತಿಲು ದಾಟಿ, ಮಗಳ ಅಡುಗೆಮನೆಯಲ್ಲಿ ಕುಳಿತು ಉಂಡರು. ಎರಡು ಸಲ ಅನ್ನ ಹಾಕಿಸಿಕೊಂಡರು, ಮೇಲೆ ಒಂದು ತಂಬಿಗೆ ನೀರು. ನಾದಿನಿ ಬಡಿಸುತ್ತ ಸಾರನ್ನೆಲ್ಲ ಎಲೆಯ ಆಚೆ ಸುರಿದಳು.

ಮೋಟಾರು ಬಂದದ್ದು ಬರಿದೇ ಹಿಂದಿರುಗಿತು. ಅತ್ತೆ ಹೆರಿಗೆಯವರೆಗೂ ಅಲ್ಲೇ ಉಂಡರು, ಅಲ್ಲೇ ಮಲಗಿದರು. ಡಬ್ಬಿ ಅಂಗಳದಲ್ಲಿ ಈಶಾನ್ಯಕ್ಕೆ ವಾಲಿಕೊಂಡೇ ಕೊಳೆಯಿತು. ಬೀದಿನಾಯಿಗಳು ಅದರಲ್ಲಿ ಮರಿ ಹಾಕಿದವು. ನಾಯಿಯಿಂದ ಬಂದದ್ದು ನಾಯಿಗೇ ಹೋಯಿತು ಎಂದು ನಾನು ಬಾಗಿಲು ತೆರೆದೇ ಬಿಟ್ಟೆ.

ಮಗು ಹುಟ್ಟಿತು. ಗಂಡು. ಅಳಲಿಲ್ಲ. ಬೆನ್ನು ತಟ್ಟಿದರು, ಕಾಲು ಹಿಡಿದೆತ್ತಿದರು, ಬಿಸಿನೀರು ತಣ್ಣೀರು ಎಲ್ಲ ಆಯಿತು. ಅಳಲೇ ಇಲ್ಲ.

ಮುದುಕಿ ಅದನ್ನು ಎಲ್ಲರ ಎದುರಿಗೇ ಹೇಳಿದರು. "ಹೆತ್ತಾಕಿನ ಕಟ್ಟಳಿ ಮುರದು ಉಂಡ್ಲು. ಇನ್ನ ಕೂಸು ಹ್ಯಾಂಗ ಉಳೀತದ?" ಬಂದು ಹೋದ ಹೆಂಗಸರೆಲ್ಲ ಅದನ್ನೇ ಬಾಯಲ್ಲಿ ಹಾಕಿಕೊಂಡು ಹೋದರು. ನಾದಿನಿ ಗೋಡೆಯ ಕಡೆ ತಿರುಗಿ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತೆಯೂ ಆ ಮಾತನ್ನು ನಂಬಿದರು ಅಂದುಕೊಂಡೆ. ಆ ಸೂತಕದ ದಿನಗಳಲ್ಲಿ ಅವರು ತಿಂದದ್ದು ಹಕ್ಕಿಯಷ್ಟು.

ಸೂತಕ ಕಳೆದ ದಿನ ಎಲ್ಲರಿಗೂ ನೀರು ಹಾಕಿದ್ದಾಯಿತು. ಅಡುಗೆ ನಾನೇ ಮಾಡಿದ್ದೆ, ನಾದಿನಿ ಎಲೆಯನ್ನಾದರೂ ತಾನು ಹಾಕುತ್ತೇನೆಂದು ಗೋಡೆ ಹಿಡಿದುಕೊಂಡು ಬಂದಳು. ತನ್ನ ಗಂಡನಿಗೆ ಒಂದು ಹಾಕಿದಳು; ಹೊಸಪೇಟೆಯಿಂದ ಬಂದಿದ್ದ ಮಾವನವರು ತಮಗೆ ಬೇಡ ಎಂದು ಹೊರಗೇ ಕುಳಿತಿದ್ದರು. ಮುದುಕಿಗೆ ಒಂದು. ಇನ್ನೊಂದು ಎಲೆ ಹಿಡಿದು ತಾಯಿಯ ಮುಂದೆ ನಿಂತಳು, ಹಾಸಲಿಲ್ಲ.

"ಅವ್ವಾ, ಈಗ ಈ ಮನ್ಯಾಗ ಕೂಸು ಇಲ್ಲ" ಎಂದಳು. "ಇನ್ನ ನೀ ಇಲ್ಲಿ ಉಣ್ಣಂಗಿಲ್ಲ ಅಲಾ?"

ಮುದುಕಿ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ನೋಡುತ್ತಿದ್ದರು. ಅತ್ತೆ ಮಗಳ ಕೈಯಿಂದ ಎಲೆ ತೆಗೆದುಕೊಂಡು, ತಾವೇ ಹಾಸಿ, ತಾವೇ ನೀರು ಚಿಮುಕಿಸಿ, ಗಾಯದ ಕಾಲನ್ನು ಇನ್ನೂ ಮಡಚಲಾಗದೆ ಮುಂದೆ ಚಾಚಿಕೊಂಡು ಕುಳಿತರು.

"ಬಡಸವ್ವ" ಎಂದರು. "ಹಸಿವಿ ಆಗೇದ."